ಗಾಳಿ ಬಿಡ್ತು

ನಮ್ಮ ಕಡೆ ಮಳೆ ಬಿಟ್ಟಿತು ಎಂದರೆ ನಿಂತಿತು ಎಂದರ್ಥ. ಗಾಳಿ ಬಿಟ್ಟಿತು ಎಂದರೆ ಶುರುವಾಯಿತು ಎಂದರ್ಥ. ಯಾಕೆ ಹೀಗೆ ಎಂದು ನಾನು ಯಾವತ್ತೂ ಯೋಚಿಸಿದವಳಲ್ಲ. ಮಾತು ಬಾಯಿಗೆ ಬರುತ್ತದೆ, ಕೇಳಿದವರಿಗೆ ತಿಳಿಯುತ್ತದೆ, ಕೆಲಸ ಮುಂದೆ ಸಾಗುತ್ತದೆ. ಆದರೆ ಅವ್ವ ಹೋದ ಮೇಲೆ ಈ ಒಂದು ಮಾತು ನನ್ನನ್ನು ಒಂದು ಕಡೆ ಕೂರಗೊಡಲಿಲ್ಲ. ಅವಳು ಕೊನೆಗೆ ಆಡಿದ ಮಾತು ಅದೇ ಆಗಿತ್ತು. ಅದನ್ನೇ ತಪ್ಪಾಗಿ ತಿಳಿದು ಅವಳ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಲು ಹೊರಟಿದ್ದರು.

ನಾನು, ಅವ್ವ ಇಬ್ಬರೂ ಸಂತೆ ವ್ಯಾಪಾರದವರು. ಮನೆ ಶಿಗ್ಗಾವಿಯಲ್ಲಿ. ಮನೆಯಲ್ಲೇ ಹೊಲಿದ ನೈಟಿ, ಲಂಗ, ಸಣ್ಣ ಹುಡುಗಿಯರ ಫ್ರಾಕುಗಳನ್ನು ಗಂಟು ಕಟ್ಟಿಕೊಂಡು ಒಂದು ದಿನ ಹಾನಗಲ್ಲ, ಒಂದು ದಿನ ಸವಣೂರು, ಮತ್ತೊಂದು ದಿನ ಹಿರೇಕೆರೂರು, ನಡುವೆ ತಿಳವಳ್ಳಿ, ಹೀಗೆ ತಿರುಗುತ್ತಿದ್ದೆವು. ಅಂಗಡಿ ಎಂದರೆ ನಾಲ್ಕು ಬಿದಿರಿನ ಕೋಲು, ಮೇಲೆ ಒಂದು ತಾಡಪತ್ರಿ, ಹಗ್ಗ ಕಟ್ಟಲು ಕಲ್ಲು ತುಂಬಿದ ಚೀಲಗಳು. ಸಂತೆಯವರಿಗೆ ಮಳೆಯ ಭಯ ಅಷ್ಟಿಲ್ಲ. ಬಟ್ಟೆ ತೊಯ್ದರೆ ಒಣಗಿಸಬಹುದು. ಗಾಳಿಯ ಭಯ ಬೇರೆ. ಅದು ತಾಡಪತ್ರಿಯನ್ನು ಕೋಲಿನ ಸಮೇತ ಎತ್ತಿ ಪಕ್ಕದ ಮಿರ್ಚಿ ಅಂಗಡಿಯ ಕಾದ ಎಣ್ಣೆಯ ಮೇಲೆ ಕೆಡವಬಹುದು. ಯಾರದೋ ತಲೆಗೆ ಕೋಲು ಬಡಿಯಬಹುದು.

ಅದಕ್ಕೇ ಸಂತೆಯಲ್ಲಿ ಒಂದು ರೂಢಿ ಇದೆ. ಸಾಲಿನ ತುದಿಯಲ್ಲಿ ಕುಳಿತವರಿಗೆ ದೂರದ ಧೂಳು ಮೊದಲು ಕಾಣುತ್ತದೆ. ಅವರು “ಗಾಳಿ ಬಿಡ್ತು” ಎಂದು ಪಕ್ಕದ ಅಂಗಡಿಯವರಿಗೆ ಹೇಳಬೇಕು. ಆ ಅಂಗಡಿಯವರು ತಮ್ಮ ಪಕ್ಕದವರಿಗೆ. ಹಾಗೇ ಸಾಲಿನ ಕೊನೆಯವರೆಗೆ ಮಾತು ಓಡುತ್ತದೆ. ಗಿರಾಕಿಯ ಜೊತೆ ಚೌಕಾಸಿ ನಡೆದಿದ್ದರೂ ಅರ್ಧಕ್ಕೆ ನಿಲ್ಲಿಸಿ ಹೇಳಬೇಕು. ಜಗಳವಾಡಿ ಮಾತು ಬಿಟ್ಟವರಿಗೂ ಹೇಳಬೇಕು. ಅವ್ವ ಮತ್ತು ಒಬ್ಬ ಪಾತ್ರೆ ವ್ಯಾಪಾರಿ ಬಹಳ ಕಾಲ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗಾಳಿ ಎದ್ದಾಗ ಮಾತ್ರ ಅವ್ವ ಅವನ ಕಡೆ ತಿರುಗಿ ಆ ಎರಡು ಶಬ್ದ ಹೇಳಿ, ಮತ್ತೆ ಮುಖ ಈ ಕಡೆ ಮಾಡುತ್ತಿದ್ದಳು.

ಅವ್ವನ ಕಿಡ್ನಿ ಕೆಟ್ಟಿದ್ದವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೊನೆಯ ದಿನ ಮಧ್ಯಾಹ್ನ ನಾನು ಮಂಚದ ಪಕ್ಕ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಅಣ್ಣ ಅವಳ ಕಾಲ ಬಳಿ ನಿಂತಿದ್ದ. ಬೆಳಗಿನಿಂದ ಮಾತಾಡದೆ ಮಲಗಿದ್ದವಳು ಕಣ್ಣು ತೆರೆದು ನನ್ನ ಕಡೆ ತಿರುಗಿದಳು. “ಗಾಳಿ ಬಿಡ್ತು” ಎಂದಳು. ದನಿ ದೊಡ್ಡದಲ್ಲ, ಆದರೆ ಸ್ಪಷ್ಟ. ರೂಢಿಯ ಪ್ರಕಾರ ನನ್ನ ಕೈ ಹಗ್ಗ ಹುಡುಕಿತು. ಕೈಗೆ ಸಿಕ್ಕದ್ದು ಸಲೈನಿನ ನಳಿಗೆ. ನಾನು ಕಿಟಕಿಯ ಕಡೆ ನೋಡಿದೆ. ಕಿಟಕಿ ಮುಚ್ಚಿತ್ತು, ಪರದೆ ಅಲುಗುತ್ತಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಅವಳ ಉಸಿರಿನ ರೀತಿ ಬದಲಾಗಿತ್ತು. ಅಣ್ಣ ನರ್ಸಮ್ಮನನ್ನು ಕರೆಯಲು ಓಡಿದ. ಅವ್ವ ಮತ್ತೆ ಮಾತಾಡಲಿಲ್ಲ.

ನಮ್ಮ ಕ್ರೈಸ್ತ ಸಭೆ ಸಣ್ಣದು. ತಗಡಿನ ಮಾಡಿನ ಒಂದು ದೇವಾಲಯ, ಭಾನುವಾರ ತುಂಬಿದರೂ ಹಿಂದಿನ ಬೆಂಚುಗಳು ಖಾಲಿ. ಪಾಸ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೈಸೂರಿನ ಕಡೆಯಿಂದ ಬಂದವರು, ಒಳ್ಳೆಯವರು. ಅವ್ವ ಮಲಗಿದಾಗ ವಾರಕ್ಕೊಮ್ಮೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಮಣ್ಣು ಮಾಡುವ ಮೊದಲು ಅವರು ಅಣ್ಣನನ್ನು ಕೇಳಿದರು, ಅಮ್ಮ ಕೊನೆಗೆ ಏನಾದರೂ ಹೇಳಿದರೇ ಎಂದು. ಗಾಳಿ ಬಿಡ್ತು ಅಂದಳು ಎಂದು ಅಣ್ಣ ಹೇಳಿದ. ಆಮೇಲೆ ಪಾಸ್ಟರ್ ಗುಂಡಿಯ ಬಳಿ ನಿಂತು ಅದನ್ನೇ ಹಿಡಿದು ಪ್ರಸಂಗ ಮಾಡಿದರು. ಯೇಸು ದೋಣಿಯಲ್ಲಿ ಮಲಗಿದ್ದಾಗ ಎದ್ದ ಬಿರುಗಾಳಿ, ಹೆದರಿದ ಶಿಷ್ಯರು, ಆತ ಗದರಿಸಿದೊಡನೆ ನಿಂತುಹೋದ ಗಾಳಿ, ನೆಲದಂತೆ ಸಮವಾದ ನೀರು. ನಮ್ಮ ತಾಯಿಯೂ ಆ ಶಾಂತಿಯನ್ನು ಕಂಡೇ ಹೋದರು, ಅವರ ಬಾಳಿನ ಬಿರುಗಾಳಿ ನಿಂತಿತು ಎಂದರು.

ಜನ ಅತ್ತರು. ಅದು ಹಗುರಾಗುವ ಅಳು. ಅಣ್ಣನೂ ಅತ್ತ. ನಾನು ಮಾತ್ರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ. ಅಲ್ಲ, ಅಲ್ಲ ಎಂದು ಒಳಗೆ ಏನೋ ಬಡಿಯುತ್ತಿತ್ತು. ಗುಂಡಿಯ ಮುಂದೆ ನಿಂತು ಶಬ್ದಗಳ ಅರ್ಥ ಬಿಡಿಸುವುದು ಹೇಗೆ?

ಅವ್ವ ದೇವರ ಬಗ್ಗೆ ಮಾತಾಡಿದ್ದು ಕಡಿಮೆ. ಆದರೆ ನಮ್ಮ ಸಭೆಯಲ್ಲಿ ಹೊಸ ವರ್ಷದ ಆರಾಧನೆಯ ದಿನ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ತನಗೆ ಏನು ಮಾಡಿದ ಎಂದು ನಾಲ್ಕು ಮಾತಿನಲ್ಲಿ ಹೇಳಬೇಕು. ಒಬ್ಬರಿಗೆ ಜ್ವರ ಬಿಟ್ಟಿರುತ್ತದೆ, ಒಬ್ಬರ ಮಗಳಿಗೆ ಸಂಬಂಧ ಕೂಡಿರುತ್ತದೆ. ಅವ್ವ ಮಾತ್ರ ಪ್ರತಿ ವರ್ಷ ಒಂದೇ ಕಥೆ ಹೇಳುತ್ತಿದ್ದಳು. ಅವಳು ಎದ್ದ ಕೂಡಲೇ ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಅಪ್ಪ ತೀರಿಕೊಂಡಾಗ ನಾವಿಬ್ಬರೂ ಮಕ್ಕಳು ಚಿಕ್ಕವರು. ಅವ್ವ ಅಪ್ಪನ ಸಂತೆಯ ಗಂಟನ್ನು ತಾನು ಹೊತ್ತಳು. ದೇವಾಲಯಕ್ಕೆ ಬರುತ್ತಿದ್ದಳು, ಆದರೆ ಬಾಯಿ ಬಿಗಿ ಹಿಡಿದು ಕೂರುತ್ತಿದ್ದಳು. ಹಾಡಲಿಲ್ಲ, ಪ್ರಾರ್ಥಿಸಲಿಲ್ಲ. ಒಂದು ವರ್ಷ ಕಳೆದಿರಬೇಕು, ಹಿರೇಕೆರೂರಿನ ಸಂತೆಯಲ್ಲಿ ಬೇಸಿಗೆಯ ಕೊನೆಯ ಗಾಳಿ ಎದ್ದಿತು. ಹಗ್ಗ ಕಟ್ಟುವಷ್ಟರಲ್ಲಿ ತಾಡಪತ್ರಿ ಹೋಯಿತು. ಅದರ ಹಿಂದೆ ಬಟ್ಟೆಗಳು. ಫ್ರಾಕುಗಳು ಕರೆಂಟಿನ ತಂತಿಗೆ ನೇತುಬಿದ್ದವು, ಲಂಗಗಳು ಹತ್ತಿಯ ಗಾಡಿಯ ಮೇಲೆ ಬಿದ್ದವು. ಅವ್ವ ಸಂತೆಯ ನಡುವೆ ನಿಂತು ಆಕಾಶದ ಕಡೆ ಕೈ ಎತ್ತಿ ಬೈದಳಂತೆ. ಗಂಡನನ್ನು ಒಯ್ದೆ, ಇದನ್ನೂ ಒಯ್ಯಿ, ಇನ್ನೇನು ಬೇಕು ನಿನಗೆ ಎಂದು. ಬೈದು ಬೈದು ದನಿ ಕಟ್ಟಿದ ಮೇಲೆ ಹೊಳೆಯಿತಂತೆ, ಒಂದು ವರ್ಷದ ನಂತರ ತಾನು ದೇವರ ಕೂಡ ಮಾತಾಡುತ್ತಿದ್ದೇನೆ ಎಂದು.

“ಪ್ರೀತಿ ಅಂದ್ರ ಮನಿಗೆ ಬಂದು ಚಾ ಕುಡದು ಹೋಗೂದಲ್ಲರಿ,” ಎಂದು ಅವಳು ಸಭೆಗೆ ಹೇಳುತ್ತಿದ್ದಳು. “ನನ್ನ ಬಾಯಿ ತಗಸಾಕ ಆತ ಇಡೀ ಸಂತಿನ ಹಾರಿಸಿಬಿಟ್ಟ. ಅಷ್ಟ ಜೋರ ಐತಿ ಆತನ ಪ್ರೀತಿ. ನನ್ನ ಹತ್ರ ಏನೂ ಉಳೀಲಿಲ್ಲ. ಆತ ಉಳಿದ.”

ಇಷ್ಟು ಹೇಳಿ ಕೂರುತ್ತಿದ್ದಳು. ಹಳೆಯ ಪಾಸ್ಟರ್ ಒಬ್ಬರು ಗಾಳಿಯ ಬದಲು ತಂಗಾಳಿ ಎಂದರೆ ಚೆನ್ನ ಎಂದು ಅವಳಿಗೆ ಹೇಳಿ ನೋಡಿದರು. ಕೇಳುವ ಹೆಂಗಸರಿಗೆ ಹೆದರಿಕೆಯಾಗುತ್ತದೆ ಎಂದರು. ಅವ್ವ ಆಗಲಿ ಎಂದು ತಲೆಯಾಡಿಸಿ, ಮುಂದಿನ ವರ್ಷ ಅದೇ ಮಾತು ಅದೇ ರೀತಿ ಹೇಳಿದಳು.

ಅಂಥವಳ ಬಗ್ಗೆ, ಬಿರುಗಾಳಿ ನಿಂತಿತು ಎಂದರು. ನನಗೆ ಅದು ಯಾರೋ ಬೇರೆ ಹೆಂಗಸಿನ ಪ್ರಸಂಗದಂತೆ ಕೇಳಿಸಿತು.

ಮಣ್ಣಾದ ಮೇಲಿನ ತಿಂಗಳುಗಳಲ್ಲಿ ನನಗೆ ಎಲ್ಲಿಯೂ ನಿಲ್ಲಲಾಗಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಬಾಗಿಲಿಗೆ ಹೋದರೆ ಒಲೆಯ ಮೇಲೆ ಏನೋ ಇಟ್ಟಂತಾಗಿ ಒಳಗೆ ಬರುತ್ತಿದ್ದೆ. ಮಡಿಸಿದ ನೈಟಿಗಳನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ದೇವಾಲಯದಲ್ಲಿ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಹೊರಗೆ ಬಂದು ಚಪ್ಪಲಿಗಳ ನಡುವೆ ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಗಂಟು ಹೊತ್ತು ಹಾನಗಲ್ಲಿಗೆ ಹೋಗಿ ಇಳಿದರೆ ಸಂತೆಯ ಬಯಲು ಖಾಲಿ. ಅಂದು ಸಂತೆಯ ದಿನವೇ ಅಲ್ಲ. ಹಿಂದಿನ ವಾರದ ಕೊಳೆತ ಟೊಮೆಟೊ, ನಾಲ್ಕು ದನಗಳು. ಚಹಾದಂಗಡಿಯವನು ನನ್ನನ್ನೂ ಗಂಟನ್ನೂ ನೋಡಿ, ಇವತ್ತು ನೀವೊಬ್ಬರೇ ಸಂತೆ ಮಾಡುತ್ತೀರೇನು ಎಂದು ಕೇಳಿದ. ನಗಿಸಲೆಂದೇ ಹೇಳಿದ್ದು. ನಾನು ಅಲ್ಲಿಯೇ ಗಂಟಿನ ಮೇಲೆ ಕೂತು ಅತ್ತೆ. ಪಾಪ, ಅವನು ಚಹಾ ತಂದುಕೊಟ್ಟು ದೂರ ನಿಂತ.

ಅಲ್ಲಿ ಕೂತಾಗಲೇ ನನಗೆ ಗೊತ್ತಾದದ್ದು, ನನ್ನನ್ನು ಓಡಾಡಿಸುತ್ತಿರುವುದು ಬರೀ ಅವಳಿಲ್ಲದಿರುವುದು ಅಲ್ಲ ಎಂದು. ಆ ಮಾತು ನನಗೆ ಹೇಳಿದ್ದು. ಪಕ್ಕದ ಅಂಗಡಿಯವರಿಗೆ ಹೇಳಿದಂತೆ ಹೇಳಿದ್ದು. ಗಾಳಿ ಎದ್ದಿತು ಎಂದು ಅವಳು ಹೇಳಿದ್ದಾದರೆ, ಅವಳಿಗೆ ಏನು ಕಂಡಿತು? ಹೆದರಿದಳೇ? ಅಥವಾ ಹಿರೇಕೆರೂರಿನ ದಿನ ಬಂದವನೇ ಮತ್ತೆ ಬರುವುದು ಕಂಡಿತೇ? ಹೆದರಿದ್ದಳು ಎಂದರೆ ನನಗೆ ತಡೆಯಲಾಗುವುದಿಲ್ಲ. ಹೆದರಲಿಲ್ಲ, ಎಲ್ಲ ಶಾಂತವಾಯಿತು ಎಂದು ಬೇರೆಯವರು ಬರೆದರೂ ತಡೆಯಲಾಗುವುದಿಲ್ಲ.

ಬೇಸಿಗೆ ಹತ್ತಿರ ಬಂದಾಗ ಅಣ್ಣ ಕಲ್ಲಿನ ಮಾತು ತೆಗೆದ. ಅವನು ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದಾನೆ. ಸಂಸಾರ ಅಲ್ಲಿಯೇ. ವರ್ಷದ ಪ್ರಾರ್ಥನೆಯ ಹೊತ್ತಿಗೆ ಸಮಾಧಿಗೆ ಕಲ್ಲು ನಿಲ್ಲಿಸಬೇಕು, ಹೆಸರಿನ ಕೆಳಗೆ “ಬಿರುಗಾಳಿ ನಿಂತಿತು” ಎಂದು ಬರೆಸಬೇಕು, ಪಾಸ್ಟರ್ ಕೂಡ ಒಪ್ಪಿದ್ದಾರೆ ಎಂದ. ಮನೆಗೆ ಬಂದು, ಅವ್ವನ ಮಂಚದ ಮೇಲೆ ಕೂತು, ಬಹಳ ಅಕ್ಕರೆಯಿಂದ ಹೇಳಿದ. ನಾನು ಬೇಡ ಎಂದೆ. ಅವ್ವ ಅಂದದ್ದು ಅದಲ್ಲ ಎಂದೆ.

ಅವನಿಗೂ ಗೊತ್ತಿತ್ತು. ಅವನೂ ಸಂತೆಯಲ್ಲಿ ಬೆಳೆದವನೇ ಅಲ್ಲವೇ.

“ಗೊತ್ತೈತವಾ,” ಎಂದ. “ಆದ್ರ ಪಾಸ್ಟರ್ ಹಂಗ ಹೇಳಿದಾಗ ನನ್ನ ಎದಿ ಹಗುರಾತು. ಅವ್ವ ಶಾಂತಿಲೆ ಹೋದ್ಲು ಅಂತ ಇದ್ರ ಏನಾತು?”

“ಹಂಗಾದ್ರ ಅಕಿ ಅಂದಂಗ ಬರಸು. ಗಾಳಿ ಬಿಡ್ತು ಅಂತ.”

“ಹುಚ್ಚಿ ಅದೀಯೇನ? ಗಾಳಿ ಬಿಡ್ತು ಅಂತ ಕಲ್ಲಿನ ಮ್ಯಾಲ ಬರಸಿದ್ರ ಓದಿದವ್ರು ಮೂಗ ಮುಚ್ಕೊಂತಾರ.”

ಅವ್ವ ಹೋದ ಮೇಲೆ ಅವನೂ ನಾನೂ ಕೂಡಿ ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೂ ಮಾತು ಇದ್ದಲ್ಲಿಯೇ ಇತ್ತು. ಕಲ್ಲು ಕೆತ್ತುವವನಿಗೆ ಹೇಳಿಬಿಟ್ಟಿದ್ದೇನೆ, ಮುಂದಿನ ವಾರ ಶುರು ಮಾಡುತ್ತಾನೆ ಎಂದು ಹೇಳಿ ಅಣ್ಣ ಬಸ್ಸಿಗೆ ಹೋದ.

ನಾನು ಪಾಸ್ಟರ್ ಮನೆಗೆ ಹೋದೆ. ಅವರ ಹೆಂಡತಿ ನೀರು ಕೊಟ್ಟು ಒಳಗೆ ಹೋದರು. ನಾನು ಮಳೆಗೂ ಗಾಳಿಗೂ ಇರುವ ವ್ಯತ್ಯಾಸವನ್ನು ಹೇಳಿದೆ. ಅವರು ಮೊದಲು ನಕ್ಕರು, ಇದೆಂಥ ಊರು ನಿಮ್ಮದು, ಒಂದೇ ಮಾತು ಒಂದಕ್ಕೆ ನಿಂತಿತು ಅಂತಾಗುತ್ತದೆ, ಇನ್ನೊಂದಕ್ಕೆ ಎದ್ದಿತು ಅಂತಾಗುತ್ತದೆ ಎಂದರು. ಆಮೇಲೆ ಅವರ ಮುಖ ಬದಲಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಎಲ್ಲರೂ ಸಮಾಧಾನವಾಗಿದ್ದರು ಎಂದೆ.

“ಅಕ್ಕ, ಒಂದು ಮಾತು ಕೇಳ್ತೀನಿ,” ಎಂದರು. “ಬಿರುಗಾಳಿ ಎದ್ದಿತು ಅಂತ ಸಮಾಧಿ ಮೇಲೆ ಬರೆದ್ರೆ, ನಾಳೆ ಇನ್ನೊಬ್ಬ ತಾಯಿ ಅದನ್ನ ಓದ್ತಾಳೆ. ಅವಳಿಗೆ ಏನನ್ನಿಸುತ್ತೆ?”

“ನಂಗ ಗೊತ್ತಿಲ್ಲರಿ. ಆದ್ರ ನಮ್ಮವ್ವಗ ಗಾಳಿ ಅಂದ್ರ ಕೆಟ್ಟದ್ದಲ್ಲರಿ. ದೇವರು ಪ್ರೀತಿ ಮಾಡೂದು ಅಂದ್ರ ಅಕಿಗೆ ಅದ ಆಗಿತ್ತರಿ.”

ಅವ್ವನ ಸಾಕ್ಷಿಯನ್ನು ಅವರು ಕೇಳಿರಲಿಲ್ಲ. ಅವರು ಬಂದ ಮೇಲಿನ ಹೊಸ ವರ್ಷಕ್ಕೆ ಅವ್ವ ಆಸ್ಪತ್ರೆಯಲ್ಲಿದ್ದಳು. ನಾನು ಹಿರೇಕೆರೂರಿನ ಕಥೆ ಹೇಳಿದೆ. ಹೇಳುವುದು ನನಗೆ ಬರುವುದಿಲ್ಲ, ತಡವರಿಸಿ ತಡವರಿಸಿ ಹೇಳಿದೆ. ಕೇಳಿ ಮುಗಿದ ಮೇಲೆ ಅವರು, ಕಲ್ಲು ನಿಮ್ಮ ಮನೆಯದು, ನೀವೂ ನಿಮ್ಮ ಅಣ್ಣನೂ ಒಂದು ಮಾತಿಗೆ ಬನ್ನಿ, ನೀವು ಏನು ಬರೆಸಿದರೂ ನಾನು ಬಂದು ಪ್ರಾರ್ಥನೆ ಮಾಡುತ್ತೇನೆ ಎಂದರು. ಆದರೆ ಕೊನೆಯ ಗಳಿಗೆಯ ಮಾತು, ಯೋಚಿಸಿ, ನಿಮಗೆ ಅದರ ಅರ್ಥ ಖಂಡಿತ ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಎದ್ದು ಬಂದೆ.

ಖಂಡಿತ ಗೊತ್ತೇ ಎಂಬುದು ನನ್ನ ಜೊತೆಗೇ ಬಂತು. ಯಾರನ್ನಾದರೂ ಕೇಳಬೇಕಿತ್ತು. ಅವ್ವನ ಮಾತು ನನ್ನಷ್ಟೇ ತಿಳಿದವರೆಂದರೆ ಸವಣೂರಿನ ಖಾಲಾ ಒಬ್ಬರೇ. ಅವರು ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಾರೆ, ಚಿಕ್ಕಮ್ಮ ಎನ್ನುವ ಹಾಗೆ ನಾನು ಅವರನ್ನು ಖಾಲಾ ಎನ್ನುತ್ತೇನೆ. ಸಾಲಿನಲ್ಲಿ ನಮ್ಮ ಪಕ್ಕದ ಜಾಗ ಅವರದು. ನೆರಳಿನ ಸಲುವಾಗಿ ಅವ್ವನೂ ಅವರೂ ಪ್ರತಿ ಸಂತೆ ಜಗಳಾಡಿ, ಮಧ್ಯಾಹ್ನ ಒಂದೇ ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದರು. ಸವಣೂರಿನ ಸಂತೆಯ ದಿನ ನಾನು ಗಂಟು ಬಿಚ್ಚದೆ ಅವರ ಬುಟ್ಟಿಯ ಪಕ್ಕ ಕೂತೆ. ಒದ್ದೆ ಗೋಣಿಚೀಲದ ಮೇಲೆ ಎಲೆ ಜೋಡಿಸುತ್ತಿದ್ದರು. ಕೊನೆಯ ಮಾತನ್ನು ಹೇಳಿ, ಇದರ ಅರ್ಥ ಏನು ಎಂದು ಕೇಳಿದೆ.

“ಅದರಾಗ ಕೇಳೂದೇನೈತಿ ಬೇಟಿ? ಹಗ್ಗ ಹಿಡಿ ಅಂದಂಗ.”

ನನಗೆ ಉಸಿರು ಬಂದಂತಾಯಿತು. ಪಾಸ್ಟರ್ ಪ್ರಸಂಗದ ಕಥೆ ಹೇಳಿದೆ, ಕಲ್ಲಿನ ಕಥೆ ಹೇಳಿದೆ. ಅವ್ವ ಪ್ರತಿ ವರ್ಷ ಹೇಳುತ್ತಿದ್ದ ಸಾಕ್ಷಿಯನ್ನೂ ನೆನಪಿಸಿದೆ. ಖಾಲಾ ನಕ್ಕರು. ಅಂದು ಹಿರೇಕೆರೂರಿನಲ್ಲಿ ಅವರೂ ಇದ್ದರಲ್ಲ.

“ನಿಮ್ಮವ್ವಗ ಎಷ್ಟೋ ಸಲ ಕೇಳೇನಿ,” ಎಂದರು. “ಅಕ್ಕಾ, ಅಲ್ಲಾ ನಿನ್ನ ಪ್ರೀತಿ ಮಾಡಿದ್ರ ಮಾಡ್ಲಿ, ನನ್ನ ಎಲಿ ಬುಟ್ಟಿ ಯಾಕ ಹಾರಿಸ್ಬೇಕಿತ್ತು ಅಂತ. ಅಕಿ ಅಂತಿದ್ಲು, ನೀನೂ ಸಾಲಿನಾಗ ಕುಂತಿದ್ದೆಲ್ಲ, ನಿಂಗೂ ಹತ್ತಿತು ಅಂತ.”

ಒಬ್ಬ ಗಿರಾಕಿ ಬಂದ. ಎಲೆ ಎಣಿಸಿ ಕೊಟ್ಟರು. ಅವನು ಹೋದ ಮೇಲೆ ಅವರ ಕೈ ಬುಟ್ಟಿಯಲ್ಲಿಯೇ ನಿಂತಿತು. ನೀರು ಚಿಮುಕಿಸುವುದನ್ನು ಮರೆತು ಏನನ್ನೋ ಯೋಚಿಸಿದರು. ಆಮೇಲೆ ನಿಧಾನವಾಗಿ ಹೇಳಿದರು. ದರ್ಗಾದಲ್ಲಿ ಗಾಳಿ ಬಡಿದವರನ್ನು ತಂದು ಕೂರಿಸುತ್ತಾರಲ್ಲ, ಮೈಮೇಲೆ ಬಂದದ್ದು ಇಳಿದು ಅವರು ಸುಮ್ಮನಾದಾಗ ಅಲ್ಲಿಯ ಜನ ಕೂಡ ಗಾಳಿ ಬಿಟ್ಟಿತು ಅನ್ನುತ್ತಾರೆ ಎಂದರು. ಅಲ್ಲಿ ಬಿಟ್ಟಿತು ಎಂದರೆ ಹೋಯಿತು ಎಂದೇ. ಕಾಡಿದ್ದು ಬಿಟ್ಟುಹೋಯಿತು ಎಂದು.

ನಾನು ಅವರ ಮುಖ ನೋಡಿದೆ.

“ಹಂಗಾದ್ರ ಅವ್ವ ಯಾವ್ದು ಅಂದ್ಲು, ಖಾಲಾ?”

“ನಂಗೇನ ಕೇಳ್ತಿ. ಅಕಿ ನಂಗ ಹೇಳಿದ್ದಲ್ಲ, ನಿಂಗ ಹೇಳಿದ್ದು.”

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂತಿದ್ದೆ. ಪಾಸ್ಟರ್ ಹೇಳಿದ್ದು ಸರಿಯಿದ್ದರೂ ಇರಬಹುದು. ಅವ್ವನ ಮೈ ಬಹಳ ದಿನ ಕಾಡಿಸಿಕೊಂಡಿತ್ತು. ಕಾಡಿದ್ದು ಬಿಟ್ಟಿತು ಎಂದಿರಬಹುದು. ಅಥವಾ ಸಂತೆಯ ಕನಸಿನಲ್ಲಿದ್ದು, ಸುಮ್ಮನೆ ತಾಡಪತ್ರಿಯ ಚಿಂತೆ ಮಾಡಿರಬಹುದು. ಅಥವಾ ಅವಳು ಹೇಳುತ್ತಿದ್ದ ಆ ಜೋರಿನ ಪ್ರೀತಿ ಮತ್ತೊಮ್ಮೆ ಬರುವುದನ್ನು ಕಂಡು, ಪಕ್ಕದಲ್ಲಿದ್ದ ನನಗೆ ಎಚ್ಚರ ಕೊಟ್ಟಿರಬಹುದು. ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಮೂರನೆಯದೇ ಬೇಕಿತ್ತು. ಅಣ್ಣನಿಗೆ ಮೊದಲನೆಯದು ಬೇಕಿತ್ತು. ಇಬ್ಬರೂ ಅವಳ ಮಾತಿನಿಂದ ನಮಗೆ ಬೇಕಾದ ಅಳತೆಯ ಅಂಗಿ ಹೊಲಿಯುತ್ತಿದ್ದೆವು. ಅಂಥ ಬಟ್ಟೆ ಅವಳು ಯಾವತ್ತೂ ತೊಟ್ಟವಳಲ್ಲ. ಶಿಗ್ಗಾವಿ ಬಂದು ಹೋದದ್ದು ನನಗೆ ಗೊತ್ತಾಗಲಿಲ್ಲ. ತಡಸದಲ್ಲಿ ಕಂಡಕ್ಟರ್ ಎಬ್ಬಿಸಿದ, ನಿದ್ದೆ ಎಂದು ತಿಳಿದು. ಎದುರಿನ ಬಸ್ಸು ಹಿಡಿದು ಹಿಂದಕ್ಕೆ ಬಂದೆ.

ಮರುದಿನ ಕಲ್ಲು ಕೆತ್ತುವವನ ಬಳಿ ಹೋದೆ. ಹಾನಗಲ್ಲಿಗೆ ಹೋಗುವ ದಾರಿಯಲ್ಲಿ, ತಗಡಿನ ಚಪ್ಪರದಡಿ ಅವನ ಕೆಲಸ. ಎಲ್ಲ ಜಾತಿಯ, ಎಲ್ಲ ಮತದ ಕಲ್ಲುಗಳೂ ಗೋಡೆಗೆ ಒರಗಿ ನಿಂತಿದ್ದವು. ಏನು ಹೇಳಬೇಕು ಎಂದು ನಾನು ನಿರ್ಧರಿಸಿರಲಿಲ್ಲ. ನಿಂತಿತು ಎಂದು ಬರೆಯಬೇಡಿ ಎನ್ನಬೇಕು, ಅಷ್ಟೇ ಗೊತ್ತಿತ್ತು. ಎದ್ದಿತು ಎಂದು ಬರೆಯಿರಿ ಎನ್ನುವ ಧೈರ್ಯ ಸವಣೂರಿನಲ್ಲಿಯೇ ಉಳಿದಿತ್ತು.

ಮೇಸ್ತ್ರಿ ಮೈತುಂಬ ಕಲ್ಲಿನ ಪುಡಿ ಮೆತ್ತಿಕೊಂಡು ಬೀಡಿ ಸೇದುತ್ತ ಕೂತಿದ್ದ. ಯಂತ್ರ ಪಕ್ಕದಲ್ಲಿ ಬಿದ್ದಿತ್ತು. ಕರೆಂಟು ಹೋಗಿತ್ತು. ಆ ಹೊತ್ತಿಗೆ ಅಲ್ಲಿ ದಿನಾ ಹೋಗುತ್ತದಂತೆ, ಅದರಲ್ಲಿ ವಿಶೇಷವೇನಿಲ್ಲ. ನಾನು ಹೇಳುವುದಕ್ಕೆ ಮೊದಲೇ ಅವನು, ನಿಮ್ಮ ತಾಯಿಯವರದ್ದೇ ನಡೆದಿದೆ, ಬನ್ನಿ ನೋಡಿ ಎಂದು ಕರೆದ.

ಕಲ್ಲು ಎರಡು ಮರದ ತುಂಡಿನ ಮೇಲೆ ಅಡ್ಡ ಮಲಗಿತ್ತು. ಮೇಲೆ ಶಿಲುಬೆ, ಕೆಳಗೆ ಅವ್ವನ ಹೆಸರು. ಅವ್ವನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಅದರ ಕೆಳಗೆ “ಬಿರುಗಾಳಿ” ಎಂದು ಕೆತ್ತಿಯಾಗಿತ್ತು. ಮುಂದಿನ ಶಬ್ದ ಬಿಳಿ ಬಣ್ಣದಲ್ಲಿ ಬರೆದದ್ದಷ್ಟೇ, ಇನ್ನೂ ಕೆತ್ತಿರಲಿಲ್ಲ.

ನಾನು ಕೆತ್ತಿದ ಶಬ್ದದ ಮೇಲೆ ಕೈಯಾಡಿಸಿದೆ. ಅಂಚು ಇನ್ನೂ ಹರಿತವಾಗಿತ್ತು. ಬಿರುಗಾಳಿ ಎಂಬ ಶಬ್ದವನ್ನು ಅವ್ವ ಜನ್ಮದಲ್ಲಿ ಆಡಿದವಳಲ್ಲ. ಅದು ಪ್ರಸಂಗದ ಶಬ್ದ, ಪುಸ್ತಕದ ಶಬ್ದ. ಆದರೂ ಅದು ಅಲ್ಲಿತ್ತು, ನಿಲ್ಲದೆ, ಏಳದೆ. ಇದನ್ನು ಅಳಿಸಬಹುದೇ ಎಂದು ಕೇಳಿದೆ. ಅಳಿಸಿದರೆ ಕಲ್ಲಿಗೆ ಕುಳಿ ಬೀಳುತ್ತದೆ, ನೋಡಲು ಚೆಂದ ಕಾಣುವುದಿಲ್ಲ, ಏನಾದರೂ ತಪ್ಪಾಗಿದೆಯೇ ಎಂದ. ಅಣ್ಣನಿಗೆ ಫೋನು ಮಾಡಿದೆ. ಗೋವಿನಜೋಳದ ಲಾರಿ ತುಂಬುವ ಗದ್ದಲದಲ್ಲಿ ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

“ಮುಂದಿಂದು ಕೆತ್ತೂದು ಬ್ಯಾಡ ಅಂತೇನಿ,” ಎಂದೆ.

“ಬರೇ ಬಿರುಗಾಳಿ ಅಂತ ಬಿಡೂದ? ಬಂತೋ ಹೋತೋ ಹೇಳಬೇಕಲ್ಲ?”

“ನಿಂಗ ಗೊತ್ತೈತೇನ?”

ಲಾರಿಯ ಹತ್ತಿರ ಯಾರೋ ಅವನನ್ನು ಕೂಗುತ್ತಿದ್ದರು. “ನಂಗೂ ಗೊತ್ತಿಲ್ಲ,” ಎಂದೆ. “ಗೊತ್ತಿಲ್ಲದ್ದನ್ನ ಅಕಿ ತಲಿ ಮ್ಯಾಲ ನಿಂದ್ರಸೂದು ಬ್ಯಾಡ.”

ನೋಡವಾ, ನಿನಗೆ ತಿಳಿದಂತೆ ಮಾಡು, ಅವ್ವ ನಿನ್ನ ಜೊತೆಗೇ ಇದ್ದವಳು ಎಂದು ಹೇಳಿ ಫೋನು ಇಟ್ಟುಬಿಟ್ಟ. ಸಿಟ್ಟಿನಲ್ಲಿ ಹೇಳಿದನೋ ಅಳುತ್ತ ಹೇಳಿದನೋ ಆ ಗದ್ದಲದಲ್ಲಿ ತಿಳಿಯಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಮೇಸ್ತ್ರಿ ಬೀಡಿ ಎಸೆದು ಯಂತ್ರಕ್ಕೆ ಕೈಹಾಕಿದ. ನಾನು ಬಿಳಿ ಅಕ್ಷರದ ಮೇಲೆ ಅಂಗೈ ಇಟ್ಟೆ. “ಇಷ್ಟ ಸಾಕ್ರಿ,” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಓದಿದವರಿಗೆ ತಿಳಿಯಬೇಕಲ್ಲ, ವಾಕ್ಯ ಪೂರ್ತಿಯಾಗಬೇಕಲ್ಲ ಎಂದ. ಸಾಕು ಎಂದು ಮತ್ತೆ ಹೇಳಿದೆ. ಅವನು ಸೀಮೆಎಣ್ಣೆಯ ಅರಿವೆ ತೆಗೆದುಕೊಂಡು ಬಿಳಿ ಬಣ್ಣವನ್ನು ಒರೆಸಿದ. ನನ್ನ ಅಂಗೈಗೆ ಹತ್ತಿದ ಬಣ್ಣ ಮಾತ್ರ ಎರಡು ದಿನ ಹೋಗಲಿಲ್ಲ.

ವರ್ಷದ ಪ್ರಾರ್ಥನೆಗೆ ಸಭೆಯವರು ಸಮಾಧಿಯ ಬಳಿ ಬಂದರು. ಕಲ್ಲು ಓದಿ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಬೆಂಚಿನವರು ಯಾಕೋ ನಗಲಿಲ್ಲ. ಪಾಸ್ಟರ್ ಬೈಬಲ್ ತೆರೆಯಲಿಲ್ಲ. ನನ್ನ ಕಡೆ ತಿರುಗಿ, ಹೋದ ವರ್ಷ ನಾನು ಹೇಳಿದೆ, ಈ ಸಲ ನೀವು ಹೇಳಿ ಎಂದರು. ಅಣ್ಣ ನನ್ನ ಪಕ್ಕದಲ್ಲಿದ್ದ. ಅವನ ಹೆಂಡತಿ ಹಿಂದಿನಿಂದ ನನ್ನ ಸೆರಗು ಹಿಡಿದು ಜಗ್ಗಿದಳು, ಹೇಳು ಎಂತಲೋ ಬೇಡ ಎಂತಲೋ.

“ನಮ್ಮವ್ವ ಗಾಳಿ ಬಿಡ್ತು ಅಂದ್ಲುರಿ,” ಎಂದೆ. “ಬಂತು ಅಂದ್ಲೋ, ಹೋತು ಅಂದ್ಲೋ ನಂಗ ತಿಳೀಲಿಲ್ಲ. ಅಕಿ ದೇವರ ಪ್ರೀತಿ ಗಾಳಿ ಇದ್ದಂಗ ಅಂತಿದ್ಲು, ಅದನ್ನ ನೀವೂ ಕೇಳೀರಿ. ನನಗ ಆ ಪ್ರೀತಿ ಇನ್ನೂ ತಿಳಿದಿಲ್ಲರಿ. ತಗೊಂಡು ಹೋಗಿದ್ದ ಅಷ್ಟ ತಿಳಿದೈತಿ. ನನಗ ಆತನ ಮ್ಯಾಲ ಭಾಳ ಸಿಟ್ಟೈತಿ.”

ದನಿ ಅಷ್ಟಕ್ಕೇ ನಿಂತಿತು. ದೇವರ ಮೇಲೆ ಸಿಟ್ಟಿದೆ ಎಂದು ಸಭೆಯ ಮುಂದೆ ಹೇಳುವುದು ಸಾಕ್ಷಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಶಾಂತಿಗಾಗಿ ಬೇಡಲಿಲ್ಲ, ಅದನ್ನು ಗಮನಿಸಿದೆ. ಇವಳನ್ನು ಬಿಡಬೇಡ ಸ್ವಾಮಿ ಎಂದಷ್ಟೇ ಹೇಳಿ ಆಮೆನ್ ಎಂದರು. ಆಮೆನ್ ಎನ್ನುವಾಗ ನನ್ನ ದನಿಯೂ ಸೇರಿತು. ಬೇಕೆಂದು ಸೇರಿಸಿದ್ದಲ್ಲ.

ಎಲ್ಲರೂ ಹೋದ ಮೇಲೆ ನಾನು ಹೂವು ಸರಿಮಾಡುತ್ತ ಸ್ವಲ್ಪ ಹೊತ್ತು ಉಳಿದೆ. ಪಕ್ಕದ ಸಾಲಿನಲ್ಲಿ ವಯಸ್ಸಾದವರೊಬ್ಬರು ತಮ್ಮವರ ಸಮಾಧಿಯ ಹುಲ್ಲು ಕೀಳುತ್ತಿದ್ದರು. ಹುಬ್ಬಳ್ಳಿಯ ಕಡೆಯವರಿರಬೇಕು, ಗುರುತಿಲ್ಲ. ಕಣ್ಣು ಕಿರಿದು ಮಾಡಿ ನಮ್ಮ ಕಲ್ಲನ್ನು ಓದಿದರು. ಹೆಸರನ್ನು, ಅದರ ಕೆಳಗಿನ ಶಬ್ದವನ್ನು ಕೂಡಿಸಿ ಒಂದೇ ಉಸಿರಿನಲ್ಲಿ ಓದಿ, ತಲೆಯಾಡಿಸಿದರು. ನಮ್ಮ ಕಡೆ ಎಂತೆಂಥ ಅಡ್ಡಹೆಸರುಗಳಿರುತ್ತವೆ, ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ನೀವು ಬಿರುಗಾಳಿ ಮನೆತನದವರೇನ್ರಿ?” ಎಂದು ಕೇಳಿದರು.

ನಾನು ಕೈಯಲ್ಲಿದ್ದ ಹೂವನ್ನು ಕಲ್ಲಿನ ಬುಡಕ್ಕೆ ಇಟ್ಟೆ.

“ಹೌದ್ರಿ,” ಎಂದೆ. “ಅಕಿ ಮಗಳು.”